ಚೀಟಿ ಆಮೇಲೆ ಬರುತ್ತೆ ಸಾರ್

ಬೆಂಗಳೂರಿನ ಕಲ್ಯಾಣ ಮಂಟಪಗಳಲ್ಲಿ ಈಗ ಎಲೆ ಎತ್ತುವವರ ಕೈಗೆ ಭಾರ ಹೆಚ್ಚಾಗಿದೆ. ಹೋಳಿಗೆ ಕಾಲು ಭಾಗ ಮುರಿದು ಹಾಗೇ ಕೂತಿರುತ್ತದೆ, ಚಿತ್ರಾನ್ನಕ್ಕೆ ಬೆರಳೇ ತಾಗಿರುವುದಿಲ್ಲ, ಎರಡನೇ ಸಲ ಬಡಿಸಲು ಬಂದವನಿಗೆ ಎಲೆಯ ಮೇಲೆ ಅಡ್ಡ ಹಿಡಿದ ಕೈಗಳೇ ಕಾಣುತ್ತವೆ. ಅಡುಗೆಯವರು ತಮ್ಮ ಕೈರುಚಿ ಕೆಟ್ಟಿತೇನೋ ಎಂದು ಕೊರಗಬೇಕಿಲ್ಲ. ಪಂಕ್ತಿಯಲ್ಲಿ ಕೂತವರು ಭಾನುವಾರ ಹೊಟ್ಟೆಗೆ ಚುಚ್ಚಿಕೊಂಡ ಔಷಧಿ ಅದರ ಪಾಡಿಗೆ ಅದು ಕೆಲಸ ಮಾಡುತ್ತಿದೆ, ಅಷ್ಟೆ.

2025ರ ಮಾರ್ಚ್‌ನಲ್ಲಿ ಹಸಿವು ಅಡಗಿಸಿ ತೂಕ ಇಳಿಸುವ ಇಂಜೆಕ್ಷನ್ ಮೌಂಜಾರೊ ದೇಶಕ್ಕೆ ಬಂತು, ಜೂನ್‌ನಲ್ಲಿ ವೆಗೋವಿ, ಡಿಸೆಂಬರ್‌ನಲ್ಲಿ ಒಝೆಂಪಿಕ್; ಕೊನೆಯ ಎರಡರಲ್ಲೂ ಇರುವುದು ಸೆಮಾಗ್ಲುಟೈಡ್ ಎಂಬ ಒಂದೇ ಔಷಧಿ. ವೆಗೋವಿ ಬಂದ ಹೊಸತರಲ್ಲಿ ತಿಂಗಳ ಖರ್ಚು 17,000 ರೂಪಾಯಿ ದಾಟುತ್ತಿತ್ತು, ಹಾಗಾಗಿ ಹಸಿವು ಕಳೆದುಕೊಳ್ಳುವ ಯೋಗ ಶ್ರೀಮಂತರಿಗಷ್ಟೇ ಇತ್ತು. 2026ರ ಮಾರ್ಚ್‌ನಲ್ಲಿ ಸೆಮಾಗ್ಲುಟೈಡ್‌ನ ಪೇಟೆಂಟ್ ಮುಗಿಯುವುದನ್ನೇ ದೇಶಿ ಕಂಪನಿಗಳು ಬಾಗಿಲಲ್ಲಿ ನಿಂತು ಕಾಯುತ್ತಿದ್ದವು. ಅನ್ನಭಾಗ್ಯ ಕಂಡ ನಾಡಿಗೆ ಈಗ ಅನ್ನ ಬೇಡವೆನಿಸುವ ಭಾಗ್ಯವೂ ಕೈಗೆಟುಕುವ ದರದಲ್ಲಿ ಒದಗುತ್ತಿದೆ.

ಡಬ್ಬಿಯ ಮೇಲೆ ಒಂದು ಎಚ್ಚರಿಕೆ ಇರುತ್ತದೆ: ವೈದ್ಯರ ಚೀಟಿ ಇಲ್ಲದೆ ಮಾರಬಾರದು. ಸಿಗರೇಟು ಪ್ಯಾಕಿನ ಮೇಲಿನ ಚಿತ್ರಕ್ಕೆ ಸಿಗುವ ಮರ್ಯಾದೆ ಇದಕ್ಕೂ ಸಿಗುತ್ತಿದೆ.

"ನನ್ನ ಹತ್ರ ಚೀಟಿ ಇಲ್ವಲ್ಲಪ್ಪ?"

"ನೀವು ಆರ್ಡರ್ ಹಾಕಿ ಸಾರ್. ಚೀಟಿ ಆಮೇಲೆ ಬರುತ್ತೆ."

ಬಂದೇ ಬರುತ್ತದೆ. ಹಣ ಕಟ್ಟಿದ ಮೇಲೆ ಎಲ್ಲಿಂದಲೋ ಡಾಕ್ಟರೊಬ್ಬರು ಫೋನ್ ಮಾಡಿ ಎತ್ತರ ಎಷ್ಟು, ತೂಕ ಎಷ್ಟು ಎಂದು ಕೇಳುತ್ತಾರೆ. ವಧೂವರ ಕೇಂದ್ರಕ್ಕೆ ಕೊಟ್ಟ ವಿವರದಲ್ಲಿ ಆರು ಕೆಜಿ ಕಳೆದಿದ್ದ ಹುಡುಗ ಇಲ್ಲಿ ಹತ್ತು ಕೆಜಿ ಕೂಡಿಸಿ ಹೇಳುತ್ತಾನೆ. ಎರಡೂ ಕಡೆ ಯಾರೂ ತಕ್ಕಡಿ ತರುವುದಿಲ್ಲ. ಮೊದಲು ರೋಗ, ಆಮೇಲೆ ಪರೀಕ್ಷೆ, ಕೊನೆಗೆ ಔಷಧಿ ಎಂಬ ಹಳೇ ಕ್ರಮ ತಿರುಗಿ, ಮೊದಲು ಪಾವತಿ, ಆಮೇಲೆ ರೋಗ ಎಂದಾಗಿದೆ.

ನಿಜಕ್ಕೂ ನೋಡುವ ಡಾಕ್ಟರಾದರೆ ಕಿರಿಕಿರಿ ಬಹಳ. ವಂಶದಲ್ಲಿ ಯಾರಿಗಾದರೂ ಮೆಡುಲ್ಲರಿ ಥೈರಾಯ್ಡ್ ಕ್ಯಾನ್ಸರ್ ಇತ್ತೇ ಎನ್ನುತ್ತಾರೆ. ಮೇದೋಜೀರಕ ಗ್ರಂಥಿಗೆ ಊತ ಬಂದು ಆಸ್ಪತ್ರೆ ಸೇರಿದ್ದುಂಟೇ, ಪಿತ್ತಕೋಶದಲ್ಲಿ ಕಲ್ಲಿದೆಯೇ? ಶುಗರ್‌ಗೆ ಇನ್ಸುಲಿನ್ನೋ ಗ್ಲಿಮೆಪಿರೈಡ್ ಮಾತ್ರೆಯೋ ನಡೆಯುತ್ತಿದ್ದರೆ ಅದರ ಪ್ರಮಾಣ ಇಳಿಸಬೇಕಾಗಬಹುದು, ಇಲ್ಲವಾದರೆ ಶುಗರ್ ಪಾತಾಳಕ್ಕಿಳಿದು ನಡುರಸ್ತೆಯಲ್ಲಿ ಬೀಳುತ್ತೀರಿ ಎನ್ನುತ್ತಾರೆ. ಕಣ್ಣಿನ ರೆಟಿನಾ ತೋರಿಸಿಕೊಂಡು ಬನ್ನಿ ಎಂದು ಇನ್ನೊಬ್ಬರ ಬಳಿ ಓಡಿಸುತ್ತಾರೆ. ಹೆಣ್ಣುಮಕ್ಕಳಿಗಾದರೆ, ಮಗು ಬೇಕೆಂಬ ಯೋಚನೆ ಇದೆಯೇ, ಇದ್ದರೆ ಸೆಮಾಗ್ಲುಟೈಡನ್ನು ಕನಿಷ್ಠ ಎರಡು ತಿಂಗಳು ಮೊದಲೇ ಬಿಡಬೇಕು ಎಂದು ಅತ್ತೆಯ ಎದುರಲ್ಲೇ ಹೇಳಿಬಿಡುತ್ತಾರೆ. ಗರ್ಭನಿರೋಧಕ ಮಾತ್ರೆ ನುಂಗುತ್ತಿರುವಾಕೆ ಮೌಂಜಾರೊ ಶುರು ಮಾಡಿದರೆ, ಆಮೇಲೆ ಡೋಸ್ ಏರಿಸಿದಾಗಲೆಲ್ಲ, ನಾಲ್ಕು ವಾರ ಬೇರೆ ಉಪಾಯ ನೋಡಿಕೊಳ್ಳಬೇಕು ಎಂಬುದನ್ನೂ ಬಿಡಿಸಿ ಹೇಳುತ್ತಾರೆ. ಇಷ್ಟೆಲ್ಲ ಕೇಳುವವರಿಗೆ ಬಡಾವಣೆಯಲ್ಲಿ ತಲೆತಿನ್ನುವ ಡಾಕ್ಟರೆಂದು ಹೆಸರು. ಏನನ್ನೂ ಕೇಳದವರ ಕ್ಲಿನಿಕ್ಕಿನಲ್ಲಿ ಟೋಕನ್ ಸಿಗುವುದಿಲ್ಲ.

ಇನ್ನು ಔಷಧಿ ನಿಜಕ್ಕೂ ಬೇಕಾದವರ ಕಥೆ. ನೂರು ಕೆಜಿ ದಾಟಿ, ಶುಗರ್ ಬಿಪಿ ಎರಡೂ ಹತ್ತಿ, ಮಂಡಿ ಹಿಡಿದುಕೊಂಡು ಮಹಡಿ ಮೆಟ್ಟಿಲೇರುವ ಚಿಕ್ಕಮ್ಮ ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ. ಹೃದ್ರೋಗವಿರುವ ದಪ್ಪ ಜನರಲ್ಲಿ ಸೆಮಾಗ್ಲುಟೈಡ್‌ನಿಂದ ಹೃದಯಾಘಾತ, ಪಾರ್ಶ್ವವಾಯು ಮುಂತಾದ ಅಪಾಯ 20% ತಗ್ಗಿತು ಎಂದು 2023ರಲ್ಲೇ ದೊಡ್ಡ ಅಧ್ಯಯನ ಹೇಳಿತು. ಮಂಡಿನೋವೂ ಚೆನ್ನಾಗಿ ಇಳಿಯುತ್ತದೆಂದು ಮರುವರ್ಷ ಇನ್ನೊಂದು ಹೇಳಿತು. ಆದರೆ ಚಿಕ್ಕಮ್ಮನಿಗೆ ನಾವು ಬರೆದುಕೊಡುವ ಔಷಧಿಯೇ ಬೇರೆ: "ಸ್ವಲ್ಪ ಬಾಯಿ ಕಟ್ಟಬೇಕು ಚಿಕ್ಕಮ್ಮ, ಎಲ್ಲಾ ಸರಿಹೋಗುತ್ತೆ." ಇದಕ್ಕೆ ಚೀಟಿ ಬೇಡ, ಇದರ ಅಡ್ಡಪರಿಣಾಮವನ್ನು ಯಾರೂ ದಾಖಲಿಸುವುದೂ ಇಲ್ಲ. ಅದೇ ಮನೆಯಲ್ಲಿ 160 ಸೆಂಟಿಮೀಟರ್ ಎತ್ತರ, 58 ಕೆಜಿ ತೂಕದ ಮದುಮಗಳಿಗೆ ಇಂಜೆಕ್ಷನ್ನು ಮನೆ ಬಾಗಿಲಿಗೆ ಬಂದು ಬೀಳುತ್ತದೆ. ಅವಳ ಬಿಎಂಐ 23ನ್ನೂ ಮುಟ್ಟಿಲ್ಲ. ಔಷಧಿ ಇರುವುದು 30 ದಾಟಿದವರಿಗೆ, ಬೇರೆ ಕಾಯಿಲೆ ಜೊತೆಗಿದ್ದರೆ 27 ದಾಟಿದವರಿಗೆ. ಏನು ಮಾಡುವುದು, ರವಿಕೆಯ ಅಳತೆ ಕೊಟ್ಟಾಗಿದೆ.

ಮುಹೂರ್ತಕ್ಕೆ ಆರು ವಾರ ಉಳಿದಿದೆ ಎಂಬಲ್ಲಿ ವಿಜ್ಞಾನ ತನ್ನ ಮೊಂಡುತನ ತೋರಿಸುತ್ತದೆ. ವೆಗೋವಿಯನ್ನು 0.25 ಮಿಲಿಗ್ರಾಂನಿಂದ ಶುರು ಮಾಡಿ, ನಾಲ್ಕು ವಾರಕ್ಕೊಮ್ಮೆ ಏರಿಸುತ್ತಾ, 2.4 ಮುಟ್ಟಲು ಹದಿನಾರು ವಾರ ಬೇಕು. ಮೊದಲ ಡೋಸು ತೂಕ ಇಳಿಸಲಿಕ್ಕಲ್ಲ, ಹೊಟ್ಟೆಗೆ ಅಭ್ಯಾಸ ಮಾಡಿಸಲಿಕ್ಕೆ. ಸರಾಸರಿ 15% ತೂಕ ಇಳಿದ ಅಧ್ಯಯನ ನಡೆದದ್ದು 68 ವಾರ. ಅಷ್ಟು ಕಾದರೆ ಮದುವೆಯ ಮೊದಲ ವಾರ್ಷಿಕೋತ್ಸವವೇ ಕಳೆದಿರುತ್ತದೆ. ಹಾಗಾಗಿ ಜಿಮ್ಮಿನ ಅಣ್ಣ ಪಂಚಾಂಗ ತಿದ್ದುತ್ತಾನೆ: "ಕಾಲು, ಅರ್ಧ ಎಲ್ಲ ಮಕ್ಕಳ ಡೋಸು ಅಕ್ಕ, ಡೈರೆಕ್ಟಾಗಿ ಒಂದಕ್ಕೆ ಹೋಗಿ." ಹೋದವರು ಮೆಹಂದಿ ಒಣಗುವ ಮುಂಚೆ ಡ್ರಿಪ್ ಹಾಕಿಸಿಕೊಳ್ಳುತ್ತಾರೆ. ವಾಂತಿ ಭೇದಿಯಲ್ಲಿ ನೀರಿನಂಶ ಹೋಗಿ ಮೂತ್ರಪಿಂಡ ಮುನಿಸಿಕೊಂಡರೆ ಅದಕ್ಕೆ ಆಲ್ಬಮ್ಮಿನಲ್ಲಿ ಜಾಗವಿಲ್ಲ. ಇಳಿದ ತೂಕದಲ್ಲಿ ಬೊಜ್ಜಿನ ಜೊತೆ ಸ್ನಾಯುವೂ ಸೇರಿರುತ್ತದೆ ಎಂಬುದು ಫೋಟೋದಲ್ಲಿ ಬೀಳುವುದಿಲ್ಲ. ತಾಳಿ ಬಿದ್ದ ಮರುವಾರ ಇಂಜೆಕ್ಷನ್ ಬಂದ್. ನಿಲ್ಲಿಸಿದ ವರ್ಷದೊಳಗೆ ಕಳೆದುಕೊಂಡದ್ದರ ಮೂರನೇ ಎರಡು ಭಾಗ ಸರಾಸರಿಯಾಗಿ ಮರಳುತ್ತದೆ. ಅಷ್ಟರೊಳಗೆ "ಏನಮ್ಮಾ, ಏನಾದ್ರೂ ವಿಶೇಷಾನಾ?" ಎಂಬ ವಿಚಾರಣೆ ಶುರುವಾಗಿರುತ್ತದೆ. ಔಷಧಿ ಬಿಟ್ಟು ಎರಡು ತಿಂಗಳು ಕಾಯಬೇಕೆಂಬ ಲೆಕ್ಕ ಪ್ರಶ್ನೆ ಕೇಳಿದವರಿಗೆ ಗೊತ್ತಿಲ್ಲ, ಕೇಳಿಸಿಕೊಂಡವಳು ಹೇಳುವಂತಿಲ್ಲ.

ಮಿತವ್ಯಯ ನಮ್ಮ ರಕ್ತದಲ್ಲಿದೆ. ಗೋಡೆಯ ಗಡಿಗಾಗಿ ಅಣ್ಣತಮ್ಮಂದಿರು ಕೋರ್ಟಿಗೆ ಅಲೆಯುತ್ತಿರುವಾಗ ಓರಗಿತ್ತಿಯರಿಬ್ಬರು ಒಂದೇ ಪೆನ್ನನ್ನು ಸೌಹಾರ್ದದಿಂದ ಹಂಚಿಕೊಂಡಿರುತ್ತಾರೆ. ಸೂಜಿ ಬದಲಾಯಿಸಿದರೂ ಒಬ್ಬರ ರಕ್ತದ ಅಂಶ ಪೆನ್ನಿನೊಳಗೆ ಉಳಿದು ಇನ್ನೊಬ್ಬರಿಗೆ ಸೋಂಕು ದಾಟಬಹುದು, ಅದಕ್ಕೇ ಹಂಚಿಕೊಳ್ಳಬಾರದೆಂದು ಬರೆದಿರುವುದು. ಪೆನ್ನಿನ ಜೊತೆ ಬರುವ ಆ ಸೂಚನೆ ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ ಇರುತ್ತದೆ. ಬಳಸಲು ತೆಗೆಯುವವರೆಗೆ ಪೆನ್ನು 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಿದರೆ ಎಸೆಯಬೇಕು. ಒಬ್ಬಾಕೆ ಇನ್ನೂ ತಂಪಾಗಿರಲೆಂದು ಫ್ರೀಜರಿಗೆ ತಳ್ಳುತ್ತಾಳೆ, ಇನ್ನೊಬ್ಬಾಕೆ ಬಟಾಣಿ ತೆಗೆಯುವಾಗ ಕಂಡು ಕರಗಿಸಿ ಚುಚ್ಚಿಕೊಳ್ಳುತ್ತಾಳೆ.

ಇಂಜೆಕ್ಷನ್ ಎಂದರೆ ಹೆದರುವವರಿಗೆ "ಪೂರ್ತಿ ನೈಸರ್ಗಿಕ" ಪುಡಿಗಳಿವೆ. ಹೃದಯಕ್ಕೆ ಅಪಾಯವೆಂದು 2010ರಲ್ಲಿ ಮಾರುಕಟ್ಟೆಯಿಂದ ಹೊರಬಿದ್ದ ಸಿಬುಟ್ರಮಿನ್ ಎಂಬ ತೂಕ ಇಳಿಸುವ ಔಷಧಿ ಇಂಥ "ಗಿಡಮೂಲಿಕೆ"ಗಳೊಳಗೆ ಅಡಗಿ ಕೂತಿರುವುದನ್ನು ಪ್ರಯೋಗಾಲಯಗಳು ಮತ್ತೆ ಮತ್ತೆ ಹಿಡಿದಿವೆ. ಬೊಜ್ಜು ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಆ ಕಾಯ್ದೆಯ ಆರೋಗ್ಯ ಹೇಗಿದೆ ಎಂದು ತಿಳಿಯಲು ಯಾವುದೇ ಆಟೋದ ಬೆನ್ನು ನೋಡಿದರೆ ಸಾಕು.

ಇಷ್ಟಾಗಿಯೂ ಇಂಜೆಕ್ಷನ್ ತೆಗೆದುಕೊಂಡವರು ಈ ಊರಲ್ಲಿ ಒಬ್ಬರೂ ಇಲ್ಲ. ಹದಿನೆಂಟು ಕೆಜಿ ಇಳಿದವರನ್ನು ಕೇಳಿ, ಬೆಳಗ್ಗೆ ಜೀರಿಗೆ ನೀರು ಎನ್ನುತ್ತಾರೆ. ಗೆಳತಿಗೆ ಹೇಳಿದ ಸುಳ್ಳು ನಾದಿನಿಗೆ, ನಾದಿನಿಗೆ ಹೇಳಿದ್ದು ಗಂಡನಿಗೆ. ತೂಕ ಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವುದುಂಟು, ಕಲ್ಲಾದರೆ ಆಪರೇಷನ್. ಈ ಔಷಧಿಯಲ್ಲಿ ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದ, ರಾತ್ರಿಯಿಡೀ ಉಪವಾಸ ಇದ್ದರೂ ಒಳಗೆ ಆಹಾರ ಉಳಿದಿರಬಹುದು, ಪ್ರಜ್ಞೆ ತಪ್ಪಿಸಿದಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ನುಗ್ಗಬಹುದು. ಅದಕ್ಕೇ ಅರಿವಳಿಕೆಯ ಡಾಕ್ಟರು ಫೈಲು ಹಿಡಿದು ಮಂಚದ ಬಳಿ ಬಂದು ಕೇಳುತ್ತಾರೆ:

"ಬೇರೆ ಏನಾದ್ರೂ ಔಷಧಿ, ಇಂಜೆಕ್ಷನ್ ತಗೋತಾ ಇದ್ದೀರಾ ಅಮ್ಮ?"

ಪಕ್ಕದಲ್ಲಿ ಗಂಡ, ಅವರ ಪಕ್ಕ ನಾದಿನಿ.

"ಇಲ್ಲ ಡಾಕ್ಟ್ರೇ. ಜೀರಿಗೆ ನೀರು, ಅಷ್ಟೇ."