ಎರಡನೆಯ ಡಿಸ್ಕು

ನನ್ನ ಮಟ್ಟಿಗೆ ಹಳೆಯ ಕನ್ನಡ ಸಿನಿಮಾ ಎಂದರೆ ಅರ್ಧ ಸಿನಿಮಾ. ಒಂದು ವಿಸಿಡಿಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು 74 ನಿಮಿಷ. ಹಾಗಾಗಿ ಡಬ್ಬಿಯೊಳಗೆ ಎರಡು ಡಿಸ್ಕು. ಮೊದಲನೆಯದು ಹೇಗೋ ಓಡುತ್ತಿತ್ತು. ಎರಡನೆಯದು ಪ್ಲೇಯರಿನ ಹೊಟ್ಟೆಯಲ್ಲಿ ಕಿರ್ರೋ ಎಂದು ಸುತ್ತಿ, ನಾಯಕಿ ಬಾಯಿ ತೆರೆದಲ್ಲೇ ನಿಂತುಬಿಡುತ್ತಿತ್ತು. ನಮ್ಮ ಮನೆಯ ಕಪಾಟಿನಲ್ಲಿ ಎಷ್ಟೋ ನಾಯಕಿಯರಿಗೆ ಇನ್ನೂ ಮದುವೆಯಾಗಿಲ್ಲ.

ಹಾಗೆಂದು ಕೊಳ್ಳುವುದನ್ನು ಬಿಟ್ಟೆನೇ? ಮೆಜೆಸ್ಟಿಕ್ ಕಡೆ ಹೋದಾಗಲೆಲ್ಲ ಅಗ್ಗದ ವಿಸಿಡಿ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದೆ. ಹೊಸ ಚಿತ್ರಗಳನ್ನು ಆಚೆ ತಳ್ಳಿ ತಳದಲ್ಲಿ ಕೈಯಾಡಿಸಿ, ಬದನೆಕಾಯಿಯಲ್ಲಿ ಹುಳುಕು ಹುಡುಕುವವರ ಹಾಗೆ ಡಿಸ್ಕನ್ನು ಬಿಸಿಲಿಗೆ ಹಿಡಿದು ಗೀರು ನೋಡುತ್ತಿದ್ದೆ.

ಒಮ್ಮೆ 30 ರೂಪಾಯಿಗೆ ‘ಬೆಳ್ಳಿಮೋಡ’ ಸಿಕ್ಕಿತು. ಪುಟ್ಟಣ್ಣ ಕಣಗಾಲರ 1967ರ ಚಿತ್ರ. ತ್ರಿವೇಣಿಯವರ ಕಾದಂಬರಿಯನ್ನು ಮದುವೆಗೆ ಮುಂಚೆಯೇ ಓದಿ ಅತ್ತಿದ್ದ ಅಮ್ಮ, ಹುರುಳಿಕಾಯಿ ನಾರು ತೆಗೆಯುತ್ತ ಟಿವಿ ಮುಂದೆ ಕೂತಳು. ವಿಸಿಡಿ ಚಿತ್ರದ ಅಗಲ 352 ಚುಕ್ಕಿ, ಎತ್ತರ 288, ಅಷ್ಟೇ. ಕೆಮ್ಮಣ್ಣುಗುಂಡಿಯ ಮಂಜು ಕೊಬ್ಬರಿ ಮಿಠಾಯಿಯ ಹಾಗೆ ಚೌಕ ಚೌಕವಾಗಿ ಇಳಿಯಿತು. ಅಮ್ಮನಿಗೆ ಅದರ ಪರಿವೆಯೇ ಇಲ್ಲ. ಕಲ್ಪನಾ ಶ್ರೀಮಂತರ ಒಬ್ಬಳೇ ಮಗಳು ಇಂದಿರೆ. ಅವಳಿಗೆ ಗೊತ್ತಾದ ಗಂಡು ಮೋಹನ, ಕಲ್ಯಾಣ್‌ ಕುಮಾರ್. ಅವಳ ತಾಯಿಗೆ ಗಂಡುಮಗು ಹುಟ್ಟಿ ಆಸ್ತಿ ಕೈತಪ್ಪುವ ಸೂಚನೆ ಸಿಗುತ್ತಲೇ ಮೋಹನನ ವರಸೆ ಬದಲಾಯಿತು, ಡಿಸ್ಕೂ ಮುಗಿಯಿತು.

ಅಮ್ಮ ಒಗ್ಗರಣೆಗೆಂದು ಒಳಗೆ ಹೋದಳು. ಎರಡನೆಯದನ್ನು ಹಾಕಿದೆ. ರಾಜ್‌ಕುಮಾರ್ ಮಹಿಷಾಸುರನಾಗಿ ಅಬ್ಬರಿಸುತ್ತಿದ್ದರು! 1959ರ ‘ಮಹಿಷಾಸುರ ಮರ್ದಿನಿ’. ಡಬ್ಬಿ ತುಂಬಿದ ಪುಣ್ಯಾತ್ಮನಿಗೆ ಕಪ್ಪು-ಬಿಳುಪೆಲ್ಲ ಒಂದೇ ಇರಬೇಕು. ಸಟ್ಟುಗ ಹಿಡಿದು ಬಾಗಿಲಿಗೆ ಬಂದ ಅಮ್ಮ ಒಂದು ಗಳಿಗೆ ನೋಡಿ, “ಆ ಮೋಹನ ರಾಕ್ಷಸ ಅಂತ ನಂಗೆ ಪುಸ್ತಕ ಓದಿದಾಗ್ಲೇ ಗೊತ್ತಿತ್ತು ಕಣೋ” ಅಂದಳು.

ನನ್ನ ದೊಡ್ಡ ಆಸೆ ಮಾತ್ರ 1934ರ ‘ಸತಿ ಸುಲೋಚನಾ’. ಕನ್ನಡದ ಮೊದಲ ಟಾಕಿ. ವೈ.ವಿ. ರಾವ್ ನಿರ್ದೇಶನ, ಕೊಲ್ಹಾಪುರದಲ್ಲಿ ಚಿತ್ರೀಕರಣ, ರಾವಣನಾಗಿ ಆರ್. ನಾಗೇಂದ್ರರಾಯರು. ಅದರ ಒಂದು ಪ್ರಿಂಟೂ ಉಳಿದಿಲ್ಲ ಎಂದು ಗೊತ್ತಿದ್ದೂ, ಹರಕೆ ಹೊತ್ತವನ ಹಾಗೆ ಹೋದಲ್ಲೆಲ್ಲ ಕೇಳುವ ಚಟ. ಒಂದು ದಿನ ಅಂಗಡಿಯವನೊಬ್ಬ ತಲೆ ಎತ್ತದೆ ಕೇಳಿದ:

“ಬ್ಲಾಕ್ ಅಂಡ್ ವೈಟಾ ಸಾರ್, ಕಲರ್ರಾ?”

“ಯಾವುದಾದರೂ ಸರಿಯಪ್ಪ.”

“ಕಲರ್ ಆದ್ರೆ ಮುಂದಿನ ವಾರ ಬರತ್ತೆ. ಅಡ್ವಾನ್ಸ್ ಕೊಟ್ಟಿರಿ.”

10 ರೂಪಾಯಿ ಕೊಟ್ಟು ಬಂದೆ.