ಕಿರುಫಿರಂಗಿಯ ಗಜಶಾಸ್ತ್ರ: ಒಂದು ತಾತ್ತ್ವಿಕ ವಿವೇಚನೆ

ಮೊಳದುದ್ದದ ಫಿರಂಗಿಯೊಂದನ್ನು ಮನೆಯಲ್ಲಿಟ್ಟುಕೊಂಡು, ರಜೆಯ ದಿನ ಅದರ ಬಾಯಿಗೆ ಕರಿಮದ್ದು ತುಂಬಿ, ಶತ್ರುವೇ ಇಲ್ಲದ ದಿಕ್ಕಿಗೆ ಗುಂಡು ಹಾರಿಸಿ ಕೃತಾರ್ಥರಾಗುವ ಗೃಹಸ್ಥರ ಸಂಪ್ರದಾಯವೊಂದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಗೊಂಡಿದೆ. ಬಾಯಿಯಿಂದ ಮದ್ದು ತುಂಬುವ ತೋಪು 1898ರಲ್ಲಿ ಅಥವಾ ಅದಕ್ಕೆ ಮುಂಚೆ ತಯಾರಾಗಿದ್ದರೆ ಅದು ಪುರಾತನ ವಸ್ತುವೆಂದೂ, ಅಂಥದರ ಪಡಿಯಚ್ಚಿಗೂ ಅದೇ ಮಾನ್ಯತೆಯೆಂದೂ ಅಲ್ಲಿನ ಒಕ್ಕೂಟ ಸರ್ಕಾರ ಪರಿಗಣಿಸುವುದರಿಂದ, ಹೋದ ವಾರ ಲೇತಿನಿಂದ ಇಳಿದ ತೋಪು ಕೂಡ ಕಾನೂನಿನ ಕಣ್ಣಿಗೆ ಮುತ್ತಜ್ಜನ ಕಾಲದ್ದಾಗಿ ಕಾಣುತ್ತದೆ. ತೋಪುಗಳನ್ನು ಕುರಿತ ಗ್ರಂಥಗಳಿಗೆ ಬರವಿಲ್ಲ. ಅವುಗಳಿಗೆ ಮದ್ದು ತುಂಬುವ ಸಲಕರಣೆಗಳ ತತ್ತ್ವ ಮಾತ್ರ ವಿದ್ವಜ್ಜನರ ಉಪೇಕ್ಷೆಗೆ ಗುರಿಯಾಗಿದೆ. ತೋಪಿಗಾಗಿ ಸಲಕರಣೆಗಳಿರುವುದಲ್ಲ, ಸಲಕರಣೆಗಳಿಗೊಂದು ನೆಪ ಬೇಕೆಂದೇ ತೋಪು ಇರುವುದು ಎಂಬ ಸಿದ್ಧಾಂತವನ್ನು ಪ್ರಸ್ತುತ ಪ್ರಬಂಧ ಸ್ಥಾಪಿಸುತ್ತದೆ.

ಮೊದಲು ಲಕ್ಷಣ ನಿರೂಪಣೆ. ಸಲಕರಣೆಗಳು ಮುಖ್ಯವಾಗಿ ಐದು. ಮದ್ದನ್ನು ಕೊಳವೆಯ ತಳಕ್ಕೆ ಮುಟ್ಟಿಸುವ ಉದ್ದ ಹಿಡಿಯ ತಾಮ್ರದ ಸೌಟು ಮೊದಲನೆಯದು. ಮದ್ದನ್ನೂ ಗುಂಡನ್ನೂ ಒಳಕ್ಕೆ ತಳ್ಳಿ ಕೂರಿಸುವ ಗಜ, ಅಂದರೆ ತುದಿಯಲ್ಲಿ ದಪ್ಪ ತಲೆಯುಳ್ಳ ಕೋಲು, ಎರಡನೆಯದು. ಹಾರಿಸಿದ ಮೇಲೆ ಒಳಗುಳಿದ ಕಿಡಿಯನ್ನು ಆರಿಸುವ, ಕುರಿಯ ತುಪ್ಪಟ ಸುತ್ತಿದ ಒದ್ದೆ ಕುಂಚ ಮೂರನೆಯದು. ಸುಟ್ಟುಳಿದ ಬಟ್ಟೆ, ಕಾಗದದ ಚೂರುಗಳನ್ನು ಸಿಕ್ಕಿಸಿಕೊಂಡು ಹೊರಗೆಳೆಯುವ ಸುರುಳಿ ಕೊಕ್ಕೆ ನಾಲ್ಕನೆಯದು. ಬತ್ತಿ ಇಡುವ ಸಣ್ಣ ರಂಧ್ರವನ್ನು, ಅಂದರೆ ತೋಪಿನ ಕಿವಿಯನ್ನು, ಶುಚಿಗೊಳಿಸುವ ಸೂಜಿ ಐದನೆಯದು. ಕೋಟೆಗಳ ಕಾಲದಲ್ಲಿ ಆಳೆತ್ತರವಿದ್ದ ಗಜವು, ಕೊಳವೆಯ ಬಾಯಿ ಅರ್ಧ ಅಂಗುಲಕ್ಕೆ ಇಳಿದಾಗ ಪೆನ್ಸಿಲ್ ಗಾತ್ರಕ್ಕೆ ಕುಗ್ಗುತ್ತದೆ. ಆ ಅಳತೆಯದು ಅಂಗಡಿಯಲ್ಲಿ ಸುಲಭವಾಗಿ ಸಿಗದು. ಸಿಕ್ಕಿದರೂ ಹವ್ಯಾಸಿಯ ಮನಸ್ಸಿಗೆ ಒಗ್ಗದು. ಗಾಲ್ಫ್ ಚೆಂಡು ಹಾರಿಸುವ ಕಿರುತೋಪನ್ನೇ ಉದಾಹರಿಸಬಹುದು: ಆಟದ ನಿಯಮದಂತೆ ಚೆಂಡಿನ ವ್ಯಾಸ 1.68 ಅಂಗುಲಕ್ಕಿಂತ ಕಡಿಮೆ ಇರುವಂತಿಲ್ಲವಾದ್ದರಿಂದ ಕೊಳವೆ ಅದಕ್ಕಿಂತ ತುಸು ಅಗಲವಾಗಬೇಕು, ಗಜದ ತಲೆ ಆ ಕೊಳವೆಗೆ ತಕ್ಕ ಗಾತ್ರದ್ದಾಗಬೇಕು, ಆ ತಲೆಯ ಮುಖ ಚೆಂಡಿನ ಉಬ್ಬಿಗೆ ಹೊಂದುವಷ್ಟು ತಗ್ಗಾಗಬೇಕು. ಹೀಗೆ ಒಂದು ಆಟದ ಧರ್ಮಶಾಸ್ತ್ರವು ಮತ್ತೊಂದು ಆಟದ ಬಡಗಿಕೆಲಸವನ್ನು ನಿರ್ಣಯಿಸುತ್ತದೆ.

ಗಜವನ್ನು ಯಾವುದರಿಂದ ಮಾಡಬೇಕೆಂಬಲ್ಲಿ ಮೂರು ಮತಗಳಿವೆ. ಪೂರ್ವಿಕರು ಬಳಸಿದ್ದು ಮರವಾದ್ದರಿಂದ ಮರವೇ ಪ್ರಮಾಣವೆಂಬುದು ಕಾಷ್ಠವಾದ. ಹಿತ್ತಾಳೆವಾದಿಗಳು ಲೇತಿನ ಒಡೆಯರಾಗಿರುವುದರಿಂದ, ಕಡೆದು ಮಿರುಗು ಕೊಡಲಾಗದ ವಸ್ತುವಿನ ಅಸ್ತಿತ್ವವನ್ನೇ ಒಪ್ಪುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ದುಂಡು ಕೋಲು, ಬೇಟೆಬಂದೂಕು ಶುಚಿಮಾಡುವ ಕುಂಚ, ಮದ್ದಳೆಯಲು ಹಳೆಯ ಫಿಲ್ಮ್ ಡಬ್ಬಿ, ಇಷ್ಟರಿಂದಲೇ ಮೋಕ್ಷ ಸಾಧ್ಯವೆನ್ನುವವರು ಯಥಾಲಾಭವಾದಿಗಳು. ಪರಸ್ಪರ ಖಂಡನೆಯಲ್ಲಿ ನಿರತರಾದ ಈ ಮೂವರೂ ಮದ್ದಿನ ಬಳಿ ಕಬ್ಬಿಣ ಸುಳಿಯಬಾರದೆಂಬಲ್ಲಿ ಒಂದಾಗುತ್ತಾರೆ, ಏಕೆಂದರೆ ಕಬ್ಬಿಣ ಕಿಡಿ ಹಾರಿಸುತ್ತದೆ ಮತ್ತು ಕಿಡಿಗೆ ಮತಭೇದವಿಲ್ಲ. ಗಜದ ಮೈಮೇಲೆ ಕೊರೆಯುವ ಎರಡು ಗೀರುಗಳ ವಿಷಯದಲ್ಲೂ ವಿವಾದವಿಲ್ಲ: ಖಾಲಿ ಕೊಳವೆಯಲ್ಲಿ ಗಜ ಎಲ್ಲಿಯವರೆಗೆ ಇಳಿಯುತ್ತದೆಂಬುದಕ್ಕೆ ಒಂದು, ಮದ್ದುಗುಂಡುಗಳು ಸರಿಯಾಗಿ ಕೂತಾಗ ಎಲ್ಲಿಯವರೆಗೆ ಎಂಬುದಕ್ಕೆ ಇನ್ನೊಂದು. ಎರಡನೆಯ ಗೀರು ಕೊಳವೆಯ ಬಾಯಿಯಿಂದ ಹೊರಗೇ ಉಳಿದರೆ, ಗುಂಡು ಮದ್ದನ್ನು ಮುಟ್ಟಿಲ್ಲವೆಂದೂ, ನಡುವಿನ ಟೊಳ್ಳಿನಿಂದಾಗಿ ಕೊಳವೆಯೇ ಸಿಡಿಯಬಹುದೆಂದೂ ಅರ್ಥ. ಇಡೀ ದರ್ಶನದಲ್ಲಿ ಭಾಷ್ಯವನ್ನು ಬೇಡದ ಸೂತ್ರ ಇದೊಂದೇ.

ಇನ್ನು ಸಿದ್ಧಾಂತಕ್ಕೆ ಅನ್ವಯ ಮತ್ತು ವ್ಯತಿರೇಕ ದೃಷ್ಟಾಂತಗಳು; ಇದ್ದಲ್ಲಿ ಫಲ ತೋರಿಸುವುದು ಅನ್ವಯ, ಇಲ್ಲದಲ್ಲಿ ಫಲಾಭಾವ ತೋರಿಸುವುದು ವ್ಯತಿರೇಕ. ಹದಿನಾರು ಬಂದೂಕುಗಳ ಕೊಳವೆಗಳನ್ನು ಒಟ್ಟಿಗೇ ಶುಚಿಮಾಡುವ, ಹಸುವಿನಿಂದ ತಿರುಗಿಸುವ ಚಕ್ರವೊಂದನ್ನು ಅಕ್ಬರನು ಕಲ್ಪಿಸಿದನೆಂದು ಅಬುಲ್ ಫಜಲನ ‘ಐನ್-ಇ-ಅಕ್ಬರಿ’ ವರ್ಣಿಸುತ್ತದೆ. ಸಾಮ್ರಾಜ್ಯವಾಳುವ ನಡುವೆಯೂ ಕುಂಚದ ಚಿಂತೆ ಬಿಡದ ಆ ಚಕ್ರವರ್ತಿ ದೀರ್ಘಕಾಲ ಆಳಿದನು, ಇದು ಅನ್ವಯ. ಸ್ಕಾಟ್ಲೆಂಡಿನ ದೊರೆ ಎರಡನೆಯ ಜೇಮ್ಸ್ ತೋಪನ್ನೇ ಮೋಹಿಸಿ, 1460ರ ರಾಕ್ಸ್‌ಬರೋ ಮುತ್ತಿಗೆಯಲ್ಲಿ ತನ್ನದೇ ತೋಪಿನ ಪಕ್ಕ ನಿಂತಿದ್ದಾಗ ಅದು ಸಿಡಿದು ಮಡಿದನು, ಇದು ವ್ಯತಿರೇಕ.

ತಿಂಗಳುಗಟ್ಟಲೆ ಕೋಲು ಕಡೆದು ಕ್ಷಣಮಾತ್ರ ಢಮಾರೆನ್ನಿಸುವುದು ಅವಿವೇಕವಲ್ಲವೇ ಎಂಬುದು ಪೂರ್ವಪಕ್ಷ. ಮೈಸೂರು ದಸರೆಯಲ್ಲಿ ರಾಷ್ಟ್ರಗೀತೆ ಮುಗಿಯುವುದರೊಳಗೆ 21 ಕುಶಾಲತೋಪು ಹಾರಿಸಲು ಪೊಲೀಸರು ಬಹಳ ಮುಂಚಿನಿಂದಲೇ ತಾಲೀಮು ನಡೆಸುವುದನ್ನು ಯಾರೂ ಅವಿವೇಕವೆನ್ನದಿರುವುದರಿಂದ ಈ ಆಕ್ಷೇಪ ನಿಲ್ಲುವುದಿಲ್ಲ. ಸದ್ದು ಸಾರ್ವಜನಿಕರದು, ಸಿದ್ಧತೆಯ ಸುಖ ಮಾಡುವವರದು.

ಇಷ್ಟರಿಂದ ಸಿದ್ಧಾಂತ ಸ್ಥಿರವಾಯಿತು. ಕನ್ನಡದ ಜಿಜ್ಞಾಸುಗಳು ಒಂದನ್ನು ಗಮನಿಸಬೇಕು: ಭಾರತದಲ್ಲಿ ಕರಿಮದ್ದು 1884ರ ಸ್ಫೋಟಕಗಳ ಕಾಯ್ದೆಗೂ ತೋಪು 1959ರ ಶಸ್ತ್ರಾಸ್ತ್ರ ಕಾಯ್ದೆಗೂ ಒಳಪಟ್ಟಿರುವುದರಿಂದ, ಅವುಗಳ ಗೊಡವೆಗೆ ಹೋಗದಿರುವುದು ಕ್ಷೇಮ. ಗಜ, ಕುಂಚ, ಸೌಟುಗಳನ್ನು ಕಡೆಸಿ ಗೋಡೆಗೆ ಸಾಲಾಗಿ ತೂಗುಹಾಕಲು ಯಾವ ಪರವಾನಗಿಯೂ ಬೇಡ.