ಶೋರೂಂ ಸಾಹುಕಾರರಿಗೆ ಒಂದು ಕೃತಜ್ಞತಾ ಪತ್ರ

ದಾವಣಗೆರೆ ಪಿ.ಬಿ. ರಸ್ತೆಯ ಸಮಸ್ತ ಬೈಕ್ ಶೋರೂಂ, ಗ್ಯಾರೇಜು, ಹಳೇ ಗಾಡಿ ವ್ಯಾಪಾರದ ಸಾಹುಕಾರರಿಗೆ, ನೀವು ಪ್ರೀತಿಯಿಂದ ‘ಆಡಿಟರೇ’ ಎಂದು ಕರೆಯುವ ಈ ಜಿಎಸ್‌ಟಿ ಪ್ರಾಕ್ಟೀಷನರ್ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ.

ವ್ಯಾಪಾರ ಬದಲಾದರೂ ಲೈಸೆನ್ಸು ಬದಲಿಸದ ನಿಮ್ಮ ದೊಡ್ಡ ಗುಣದಿಂದ ನನ್ನ ಮನೆಗೆ ಎರಡನೇ ಅಂತಸ್ತು ಎದ್ದಿದೆ. ಋಣ ತೀರಿಸಲು ಈ ಪತ್ರ.

ಹೊಸ ಜಾಗಕ್ಕೆ ಹೋಗುವಾಗ ನೀವು ಯಾವುದನ್ನೂ ಮರೆಯುವವರಲ್ಲ. ವಾಸ್ತು ನೋಡಿಸುತ್ತೀರಿ, ಗಣಹೋಮ ಮಾಡಿಸುತ್ತೀರಿ. ಹೊಸ ವಿಳಾಸವನ್ನು ಬಂಗಾರದ ಅಕ್ಷರದಲ್ಲಿ ಅಚ್ಚು ಹಾಕಿಸಿದ ಆಮಂತ್ರಣವನ್ನು ಆರ್‌ಟಿಓ ಸಾಹೇಬರಿಗೂ ತೆರಿಗೆ ಅಧಿಕಾರಿಗೂ ಖುದ್ದಾಗಿ ಕೊಟ್ಟು ಬರುತ್ತೀರಿ. ವಿಳಾಸ ಬದಲಾವಣೆಯ ಅರ್ಜಿಯೊಂದನ್ನು ಮಾತ್ರ ಕೊಡುವುದಿಲ್ಲ. ಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ಬಂದಾಗ ಬೋರ್ಡು ರಾತ್ರೋರಾತ್ರಿ ಬದಲಾಯಿತು. ಒಳಗೆ ಕ್ಯಾಷ್ ಕೌಂಟರ್ ಹಿಂದೆ ತೂಗುವ ಜಿಎಸ್‌ಟಿ ಸರ್ಟಿಫಿಕೇಟಿನಲ್ಲಿ ಇನ್ನೂ ಹಳೇ ಪೇಟೆಯ ಗಲ್ಲಿಯೇ ಇದೆ. ಅದಕ್ಕೂ ಶುಕ್ರವಾರ ಕುಂಕುಮ, ಊದಿನಕಡ್ಡಿ. ಹೊಗೆಗೆ ಗಾಜು ಮಸುಕಾಗಿ ವಿಳಾಸ ಓದಲು ಬರುವುದಿಲ್ಲ, ಅದೂ ಒಂದು ಅನುಕೂಲವೇ. ನಿಮ್ಮ ಬೆಂಕಿ ವಿಮೆಯೂ ಅದೇ ಗಲ್ಲಿಯ ಅಂಗಡಿಗಿದೆ. ಅಲ್ಲೀಗ ಬೇಕರಿ ನಡೆಯುತ್ತಿದೆ. ಅವರ ಒಲೆಗೆ ನಿಮ್ಮ ಪಾಲಿಸಿ!

ಇನ್ನು ಎಕ್ಸ್‌ಚೇಂಜ್ ಮೇಳ. ನಿಮ್ಮ ಟ್ರೇಡ್ ಸರ್ಟಿಫಿಕೇಟ್ ಇರುವುದು ನೋಂದಣಿಯಾಗದ ಹೊಸ ಗಾಡಿಗೆ. ಹಳೇ ಗಾಡಿ ಕೊಂಡು ಮಾರಲು 2023ರ ಏಪ್ರಿಲ್‌ನಿಂದ ಆರ್‌ಟಿಓದ ಬೇರೆಯೇ ಅಧಿಕಾರ ಪತ್ರ ಬೇಕು, ಒಮ್ಮೆ ಪಡೆದರೆ 5 ವರ್ಷ. ಅದಿದ್ದು, ಗಾಡಿ ನಿಮ್ಮ ಕೈಸೇರಿದ್ದನ್ನು ಪೋರ್ಟಲ್‌ನಲ್ಲಿ ತಿಳಿಸಿದರೆ ಅಲ್ಲಿಂದ ನೀವೇ ಮಾಲೀಕರ ಲೆಕ್ಕ. ಟ್ರಯಲ್, ರಿಪೇರಿ ಇಂಥದ್ದಕ್ಕಷ್ಟೇ ಹೊರಗೆ ತೆಗೆಯಬೇಕು, ತೆಗೆದದ್ದನ್ನು ಬರೆದಿಡಬೇಕು. ಇಷ್ಟೆಲ್ಲಾ ತಲೆನೋವು ಯಾಕೆ ಹೇಳಿ? ನಿಮ್ಮ ಹುಡುಗರು ಅದೇ ಗಾಡಿಯಲ್ಲಿ ಮೂವರು ಕೂತು ಮಂಡಕ್ಕಿ-ಮಿರ್ಚಿ ತರಲು ಹೋಗುತ್ತಾರೆ, ದಂಡದ ನೋಟಿಸು ಗಾಡಿ ಕೊಟ್ಟ ಮೇಷ್ಟ್ರ ಮನೆಗೆ ಹೋಗುತ್ತದೆ.

ನನಗೆ ಅತಿ ಪ್ರಿಯರಾದವರು ಅಪ್ಪಾಜಿ ಲಿಂಗೈಕ್ಯರಾದ ಮೇಲೂ ಅವರ ಹೆಸರಲ್ಲೇ ಅಂಗಡಿ ನಡೆಸುವ ಮಕ್ಕಳು. ಇಂಥ ಪಿತೃಭಕ್ತಿ ಪುರಾಣದಲ್ಲೂ ಇಲ್ಲ. ಶಿವಗಣಾರಾಧನೆ ಮುಗಿದರೂ ಅಪ್ಪಾಜಿ ಪ್ರತಿ ತಿಂಗಳು 20ನೇ ತಾರೀಕಿನೊಳಗೆ ರಿಟರ್ನ್ ತುಂಬುತ್ತಾರೆ. ಒಟಿಪಿ ಬರಲೆಂದು ಅವರ ಮೊಬೈಲಿಗೆ ರೀಚಾರ್ಜ್ ಆಗುತ್ತಲೇ ಇರುತ್ತದೆ. ಪ್ಯಾನ್ ಎನ್ನುವುದು ಆಸ್ತಿಯ ಹಾಗೆ ಮಗನ ಪಾಲಿಗೆ ಬರುವುದಿಲ್ಲ. ಮಗ ತನ್ನ ಪ್ಯಾನ್ ಮೇಲೆ ಹೊಸ ಜಿಎಸ್‌ಟಿ ನಂಬರನ್ನೇ ಮಾಡಿಸಬೇಕು. ಅಪ್ಪನ ಖಾತೆಯಲ್ಲಿ ಉಳಿದ ಇನ್‌ಪುಟ್ ಕ್ರೆಡಿಟ್ಟನ್ನು ಐಟಿಸಿ-02 ಫಾರಂ ಹಾಕಿ ವರ್ಗಾಯಿಸಿಕೊಳ್ಳಲು ದಾರಿಯೂ ಇದೆ. ಆದರೆ ಕ್ರೆಡಿಟ್ಟನ್ನೂ ಅಪ್ಪಾಜಿಯ ಜತೆ ಕೈಲಾಸಕ್ಕೇ ಕಳಿಸುವ ಉದಾರಿಗಳು ನೀವು.

ತಪ್ಪು ಪೂರಾ ನಿಮ್ಮದೂ ಅಲ್ಲ ಬಿಡಿ. ಜಿಎಸ್‌ಟಿಯಲ್ಲಿ ತಿದ್ದಿದ್ದು ಪಾಲಿಕೆಗೆ ಗೊತ್ತಿಲ್ಲ, ಪಾಲಿಕೆಯ ಟ್ರೇಡ್ ಲೈಸೆನ್ಸು ಆರ್‌ಟಿಓಗೆ ಗೊತ್ತಿಲ್ಲ. ಸುಟ್ಟ ಆಯಿಲ್ಲು ಅಪಾಯಕಾರಿ ತ್ಯಾಜ್ಯವಾದ್ದರಿಂದ ಮಾಲಿನ್ಯ ಮಂಡಳಿಯದು ಇನ್ನೊಂದು ಫೈಲು. ಎಲ್ಲರೂ ಅದೇ ಪ್ಯಾನ್ ಕಾರ್ಡಿನ ಜೆರಾಕ್ಸ್ ಕೇಳುತ್ತಾರೆ, ಯಾರೂ ಯಾರಿಗೂ ಹೇಳುವುದಿಲ್ಲ. ಸರ್ಕಾರ ಡಿಜಿಟಲ್ ಆಯಿತು, ಜೆರಾಕ್ಸ್ ಅಂಗಡಿಯವನು ಕಾರು ಕೊಂಡ.

ಕಡೆಯದಾಗಿ ಒಂದು ವಿನಂತಿ. ಹೆಸರು, ವಿಳಾಸ, ಪಾಲುದಾರರು ಬದಲಾದರೆ 15 ದಿನದೊಳಗೆ ಜಿಎಸ್‌ಟಿಯಲ್ಲಿ ತಿದ್ದುಪಡಿಗೆ ಅರ್ಜಿ ಹಾಕಬೇಕು; ಅದಕ್ಕೆ ಸರ್ಕಾರಿ ಫೀಸು ಇಲ್ಲ. ಬಾಡಿಗೆ ಕರಾರು, ಕರೆಂಟ್ ಬಿಲ್ಲು ಹಿಡಿದು ಆಗಲೇ ಬಂದುಬಿಟ್ಟರೆ ನನಗೆ ಸಿಗುವುದು ಚಹಾದ ದುಡ್ಡು. ಬಿಟ್ಟರೆ ಕೇಂದ್ರದ ಲೆಕ್ಕಕ್ಕೆ 25,000, ರಾಜ್ಯದ ಲೆಕ್ಕಕ್ಕೆ 25,000 ರೂಪಾಯಿವರೆಗೆ ದಂಡ ಬೀಳಬಹುದು, ನನ್ನ ಫೀಸು ಬೇರೆ. ಆದ್ದರಿಂದ ದಯಮಾಡಿ ನೋಟಿಸು ಬಂದ ಮೇಲೇ ಬನ್ನಿ.